ದಾರಿಗಿಳಿಯುವ ಮೊದಲೇ ಬಿಚ್ಚಿ ನೋಡಿ

ಕೇಳುಗರಿಗೆ ನಮಸ್ಕಾರ.

ಚೌತಿ ಹತ್ತಿರ ಬಂತೆಂದರೆ ಮುಂಬಯಿಯ ನಮ್ಮವರು ಊರಿಗೆ ಕಾರು ಹೊರಡಿಸುತ್ತಾರೆ. ಪನ್ವೇಲಿನಿಂದ ಹೆದ್ದಾರಿ 66 ಹಿಡಿದರೆ ಮಹಾಡ್, ಚಿಪಳೂಣ್, ಸಾವಂತವಾಡಿ, ಗೋವೆ, ಕಾರವಾರ, ಆಮೇಲೆ ಕುಂದಾಪುರ, ಉಡುಪಿ. ಹೊರಡುವ ಮೊದಲು ಇಂಜಿನ್ ಆಯಿಲ್ ನೋಡುತ್ತೇವೆ, ವೈಪರ್ ಬದಲಿಸುತ್ತೇವೆ, ಟಯರಿಗೆ ಗಾಳಿ ಹಾಕಿಸುತ್ತೇವೆ. ಜಾಗ್ರತೆಯುಳ್ಳವರು ಡಿಕ್ಕಿಯಲ್ಲಿರುವ ಸ್ಟೆಪ್ನಿಗೂ ಗಾಳಿ ಹಾಕಿಸುತ್ತಾರೆ. ಆದರೆ ಆ ಸ್ಟೆಪ್ನಿ ಹಾಕುವ ಪ್ರಸಂಗ ಬಂದರೆ ಮೊದಲು ತೆಗೆಯಬೇಕಾದ ಚಕ್ರದ ನಾಲ್ಕೈದು ನಟ್ಟುಗಳು ಬಿಚ್ಚಿಕೊಳ್ಳುತ್ತವೆಯೇ ಎಂದು ನೋಡುವವರು ತೀರ ಕಡಿಮೆ. ಪರಶುರಾಮ ಘಾಟಿಯ ತಿರುವಿನಲ್ಲಿ, ಸುರಿಯುವ ಮಳೆಯಲ್ಲಿ, ಬೆನ್ನ ಹಿಂದೆ ಲಾರಿಗಳು ಹಾಯುತ್ತಿರುವಾಗ ಮಾಡುವ ಪರೀಕ್ಷೆಯಲ್ಲ ಅದು. ತುಕ್ಕು ಹಿಡಿದ ನಟ್ಟು ಬಿಡಿಸಲು ತಕ್ಕ ಜಾಗ ಮನೆಯ ಪಾರ್ಕಿಂಗು, ತಕ್ಕ ಹೊತ್ತು ಅವಸರವಿಲ್ಲದ ಭಾನುವಾರದ ಬೆಳಗು. ಇವತ್ತು ನಾನು ಒತ್ತಿ ಹೇಳಬೇಕೆಂದು ಬಂದಿರುವುದು ಇದೊಂದನ್ನೇ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಓಡುವ ಕಾರಿಗಿಂತ ನಮ್ಮ ಕಾರಿಗೆ ತುಕ್ಕು ಬೇಗ ಏಕೆ? ಕಬ್ಬಿಣ ತುಕ್ಕು ಹಿಡಿಯಲು ನೀರು ಬೇಕು, ಆಮ್ಲಜನಕ ಬೇಕು. ಎರಡೂ ಎಲ್ಲ ಕಡೆ ಇವೆ. ಇಲ್ಲಿ ಮೂರನೆಯದೊಂದು ಸೇರಿಕೊಳ್ಳುತ್ತದೆ, ಅದು ಉಪ್ಪು. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ತುಕ್ಕಿನ ಕ್ರಿಯೆ ಅದರಿಂದಲೇ ಚುರುಕಾಗುತ್ತದೆ. ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರನ್ನು ಎಳೆದುಕೊಂಡು ಕರಗುತ್ತದೆ. ಮಳೆಗಾಲದ ಮುಂಬಯಿಯಲ್ಲಿ ತೇವಾಂಶ ಅದಕ್ಕಿಂತ ಮೇಲೆಯೇ ಇರುತ್ತದೆ. ಆದ್ದರಿಂದ ಮಳೆ ನಿಂತ ದಿನವೂ ಉಪ್ಪು ಕೂತ ನಟ್ಟಿನ ಮೈ ಒಣಗುವುದಿಲ್ಲ. ವರ್ಸೋವಾ, ವರಳಿಯ ಕಡಲ ಬದಿಯಲ್ಲಷ್ಟೇ ಅಲ್ಲ, ಭಾಯಂದರಿನಂಥ ಖಾಡಿ ಮತ್ತು ಉಪ್ಪಿನಗದ್ದೆಗಳ ಪಕ್ಕದ ಬಡಾವಣೆಗಳಲ್ಲೂ ಹೀಗೆಯೇ. ಇದರ ಮೇಲೆ ವರ್ಷಕ್ಕೆ 2000 ಮಿಲಿಮೀಟರಿಗೂ ಮೀರಿ ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಹಿಂದ್‌ಮಾತಾದಲ್ಲೋ ಅಂಧೇರಿ ಸಬ್‌ವೇಯಲ್ಲೋ ನಿಂತ ನೀರಿನಲ್ಲಿ ಒಮ್ಮೆ ಹಾದುಹೋದರೆ ಚಕ್ರದ ನಡುಭಾಗವೆಲ್ಲ ಕೊಚ್ಚೆಯಲ್ಲಿ ಮುಳುಗಿ ಏಳುತ್ತದೆ. ನಾವು ವಾರವೆಲ್ಲ ಲೋಕಲಿನಲ್ಲಿ ಓಡಾಡುತ್ತೇವೆ, ಕಾರು ಸೊಸೈಟಿಯ ಬಯಲಲ್ಲಿ ನಿಂತಿರುತ್ತದೆ. ಓಡುವ ಕಾರಿಗೆ ಬ್ರೇಕಿನ ಬಿಸಿಯಾದರೂ ತಾಗಿ ನಟ್ಟು ಒಣಗುತ್ತದೆ, ನಿಂತ ಕಾರಿಗೆ ಆ ಭಾಗ್ಯವೂ ಇಲ್ಲ.

ಹೊಸ ನಟ್ಟಿನ ಮೇಲೆ ಸಾಮಾನ್ಯವಾಗಿ ಸತುವಿನ ಲೇಪ ಇರುತ್ತದೆ. ಕಬ್ಬಿಣಕ್ಕಿಂತ ಮೊದಲು ಸತುವು ತಾನೇ ಸವೆದು ಕಬ್ಬಿಣವನ್ನು ಕಾಯುತ್ತದೆ. ಟಯರ್ ಅಂಗಡಿಯಲ್ಲಿ ನಟ್ಟು ಬಿಗಿಯುವ ಗಾಳಿ ಗನ್ನಿನ ಸಾಕೆಟ್ಟು, ಅಂದರೆ ನಟ್ಟಿನ ಮೇಲೆ ಕೂರುವ ಬಟ್ಟಲು, ಬಡಿದು ಬಡಿದು ಆ ಲೇಪವನ್ನು ಮೂಲೆಗಳಲ್ಲಿ ಎಬ್ಬಿಸಿಬಿಡುತ್ತದೆ. ನಿಮ್ಮ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ, ಆರು ಮೂಲೆಗಳಲ್ಲೇ ಮೊದಲ ಕೆಂಪು ಕಾಣುತ್ತದೆ. ಅದು ಹೊರಮೈಯ ತುಕ್ಕು, ಅದರಿಂದ ಅಷ್ಟೇನೂ ತೊಂದರೆಯಿಲ್ಲ. ತೊಂದರೆ ಇರುವುದು ನಟ್ಟಿನಿಂದ ಆಚೆ ಚಾಚಿಕೊಂಡ ಸ್ಟಡ್ಡಿನ, ಅಂದರೆ ನಟ್ಟು ಕೂರುವ ಸುರುಳಿಗೀರಿನ ಸರಳಿನ, ತುದಿಯಲ್ಲಿ. ಬಾಯಿ ತೆರೆದ ನಟ್ಟಾದರೆ ಎರಡು ಮೂರು ಸುತ್ತು ಥ್ರೆಡ್ಡು ಹೊರಗೆ ಬಯಲಾಗಿರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ನೀರಿಗೆ ಹಾಕಿದ ಕಡಲೆಯ ಹಾಗೆ ಉಬ್ಬುತ್ತದೆ. ನಟ್ಟು ಹೊರಬರಬೇಕಾದರೆ ಈ ಉಬ್ಬಿದ ಥ್ರೆಡ್ಡಿನ ಮೇಲೆಯೇ ಹಾದು ಬರಬೇಕು. ಅರ್ಧ ಸುತ್ತು ಸುಲಭವಾಗಿ ತಿರುಗಿ ಆಮೇಲೆ ಕಚ್ಚಿಕೊಳ್ಳುವ ನಟ್ಟುಗಳೆಲ್ಲ ಇಂಥವು. ಹಾಗೆ ಕಚ್ಚಿಕೊಂಡಾಗ ಬಲ ಹಾಕಿದರೆ ಥ್ರೆಡ್ಡು ಹರಿದು ಹೋಗುತ್ತದೆ, ಇಲ್ಲವೇ ಸ್ಟಡ್ಡೇ ತುಂಡಾಗುತ್ತದೆ.

ಹಾಗಾಗಿ ಕೆಲಸ ಶುರುವಾಗಬೇಕಾದದ್ದು ನಟ್ಟು ತಿರುಗಿಸುವ ಪಾನೆಯಿಂದಲ್ಲ, ತಂತಿ ಬ್ರಷ್ಷಿನಿಂದ. ಹಳೆಯ ಹಲ್ಲುಜ್ಜುವ ಬ್ರಷ್ಷಿನಷ್ಟು ಚಿಕ್ಕದು ಸಾಕು. ಸ್ಟಡ್ಡಿನ ಹೊರಚಾಚಿದ ತುದಿಯನ್ನು ಥ್ರೆಡ್ಡಿನ ಗುಂಟ ಉಜ್ಜಿ, ಉದುರಿದ ಕೆಂಪು ಪುಡಿಯನ್ನು ಬಟ್ಟೆಯಲ್ಲಿ ಒರಸಿ ತೆಗೆಯಿರಿ. ಆಮೇಲೆ ಎಣ್ಣೆ. ಎಲ್ಲರಿಗೂ ಗೊತ್ತಿರುವ ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯೆಗೋದಲ್ಲಿ, ಲೋಹದ ಮೇಲಿನ ತೇವವನ್ನು ದೂಡಿ ತುಕ್ಕು ತಡೆಯಲೆಂದು. ಆರಂಭದ ದಿನಗಳಲ್ಲಿ ಅದನ್ನು ಬಳಸಿದ್ದು ಅಟ್ಲಾಸ್ ಕ್ಷಿಪಣಿಯ ಹೊರಮೈಗೆ. ಎಳೆಯ ತುಕ್ಕಿಗೆ ಅದು ಸಾಕಾಗುತ್ತದೆ. ಹಳೆಯ, ಗಟ್ಟಿ ತುಕ್ಕಿಗಾದರೆ ಸಂದಿಯೊಳಗೆ ಇಳಿಯಲೆಂದೇ ತಯಾರಿಸಿದ ಪೆನೆಟ್ರೇಟಿಂಗ್ ಆಯಿಲ್ ವಾಸಿ ಎಂಬುದು ನನ್ನ ಅಭಿಪ್ರಾಯ. ಯಾವುದಾದರೂ ಸರಿ, ಸ್ಪ್ರೇ ಮಾಡಿ ಚಿಮ್ಮಿಸಬೇಡಿ. ಅಲಾಯ್ ಚಕ್ರದ ಕಡ್ಡಿಗಳ ನಡುವಿನಿಂದ ಅದು ನೇರವಾಗಿ ಬ್ರೇಕ್ ಡಿಸ್ಕಿಗೆ ಹೋಗಿ ಬೀಳುತ್ತದೆ, ಎಣ್ಣೆ ಬಿದ್ದ ಬ್ರೇಕು ಹಿಡಿಯುವುದಿಲ್ಲ. ಡಬ್ಬಿಯ ಮುಚ್ಚಳಕ್ಕೆ ಸ್ವಲ್ಪ ಸುರಿದುಕೊಂಡು ಚಿಕ್ಕ ಬ್ರಷ್ಷಿನ ತುದಿಯಿಂದ ಸ್ಟಡ್ಡು ಮತ್ತು ನಟ್ಟು ಕೂಡುವ ಗೆರೆಗೆ ಒಂದೊಂದೇ ಹನಿ ಮುಟ್ಟಿಸಿ. ಹನಿ ಒಂದು ಕ್ಷಣ ಅಲ್ಲೇ ನಿಂತು ಮೆಲ್ಲಗೆ ಗೆರೆಯೊಳಗೆ ಎಳೆದುಕೊಂಡು ಹೋಗುವುದು ಕಣ್ಣಿಗೆ ಕಾಣುತ್ತದೆ. ಶನಿವಾರ ರಾತ್ರಿ ಒಮ್ಮೆ, ಭಾನುವಾರ ಬೆಳಗ್ಗೆ ಇನ್ನೊಮ್ಮೆ ಹಾಕಿ. ಹಾಕಿದ ಐದು ನಿಮಿಷಕ್ಕೇ ಪಾನೆ ಹಿಡಿಯುವವರೇ ಹೆಚ್ಚು. ಎಣ್ಣೆಗೆ ಒಳಗೆ ಇಳಿಯಲು ಹೊತ್ತು ಬೇಕು, ಆ ಹೊತ್ತು ದಾರಿಯಲ್ಲಿ ನಮ್ಮ ಕೈಯಲ್ಲಿರುವುದಿಲ್ಲ.

ಇನ್ನು ಬಿಚ್ಚುವುದು. ಕಾರು ಸಮತಟ್ಟು ನೆಲದ ಮೇಲಿರಲಿ, ಹ್ಯಾಂಡ್‌ಬ್ರೇಕು ಎಳೆದಿರಲಿ, ಗೇರಿನಲ್ಲಿರಲಿ, ಬೇರೆ ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಚಕ್ರ ನೆಲಕ್ಕೆ ಊರಿರುವಾಗಲೇ ಎಲ್ಲ ನಟ್ಟುಗಳ ಮೊದಲ ಬಿಗಿ ಸಡಿಲಿಸಬೇಕು, ಜ್ಯಾಕು ಆಮೇಲೆ. ಜ್ಯಾಕಿನ ಮೇಲೆ ನಿಂತ ಕಾರಿನ ನಟ್ಟಿಗೆ ಜೋರು ಹಾಕಿದರೆ ಕಾರೇ ಜ್ಯಾಕಿನಿಂದ ಜಾರೀತು.

ಕಾರಿನ ಜೊತೆ ಬರುವ ಎಲ್ ಆಕಾರದ ಪಾನೆ ಸುಮಾರು 25 ಸೆಂಟಿಮೀಟರ್ ಉದ್ದದ್ದು. ಸಣ್ಣ ಕಾರಿನ ನಟ್ಟು ಹೆಚ್ಚುಕಡಿಮೆ 85ರಿಂದ 120 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ ಅದು) ಬಿಗಿಯಲ್ಲಿರಬೇಕು, ನಿಮ್ಮ ಕಾರಿನ ಲೆಕ್ಕ ಅದರ ಕೈಪಿಡಿಯಲ್ಲಿ ಸಿಗುತ್ತದೆ. 100 ಎಂದುಕೊಂಡರೂ ಆ ಗಿಡ್ಡ ಪಾನೆಯ ತುದಿಗೆ 40 ಕಿಲೋ ಭಾರ ಬೇಕು. ತುಕ್ಕು ಹಿಡಿದು, ಗನ್ನಿನಿಂದ ಮಿತಿಮೀರಿ ಬಿಗಿದ ನಟ್ಟು 200 ಕೇಳಿದರೆ 80 ಕಿಲೋಗೂ ಹೆಚ್ಚಾಯಿತು. ಜನ ಪಾನೆಯ ಮೇಲೆ ಹತ್ತಿ ಕುಣಿಯುವುದು ಆಗಲೇ. ದಯವಿಟ್ಟು ಹತ್ತಬೇಡಿ. ಪಾನೆ ಜಾರಿದರೆ ಮೊಣಕಾಲು, ಕಣಕಾಲು ಹೋಗುತ್ತದೆ, ನಟ್ಟಿನ ಮೂಲೆಗಳೂ ಸವೆದು ದುಂಡಗಾಗುತ್ತವೆ. 60 ಸೆಂಟಿಮೀಟರಿನ ಬ್ರೇಕರ್ ಬಾರ್, ಅಂದರೆ ಸಾಕೆಟ್ಟು ಸಿಕ್ಕಿಸುವ ಉದ್ದ ಹಿಡಿ, ಇದ್ದರೆ ಅದೇ 200ಕ್ಕೆ 34 ಕಿಲೋ ಸಾಕು. ಮಸೀದ್ ಬಂದರಿನ ನಾಗದೇವಿ ಸ್ಟ್ರೀಟಿನಲ್ಲಿ ಸಾಲು ಸಾಲು ಹತ್ಯಾರಿನ ಅಂಗಡಿಗಳಿವೆ, ಒಂದು ಬಾರು, ನಿಮ್ಮ ನಟ್ಟಿನ ಅಳತೆಯ ಒಂದು ಸಾಕೆಟ್ಟು ಕೊಂಡು ಡಿಕ್ಕಿಯಲ್ಲಿಟ್ಟುಕೊಳ್ಳಿ. ಅಳತೆ 17, 19, 21 ಮಿಲಿಮೀಟರ್, ಯಾವುದೂ ಇರಬಹುದು, ನಿಮ್ಮದನ್ನು ನೋಡಿಯೇ ಹೋಗಿ. ಸಾಕೆಟ್ಟು ಒಳಗೆ ಆರು ಮೂಲೆಯದೇ ಆಗಿರಲಿ. ಹನ್ನೆರಡು ಮೂಲೆಯದು ನಟ್ಟಿನ ತುದಿಗಳನ್ನಷ್ಟೇ ಹಿಡಿಯುತ್ತದೆ, ತುಕ್ಕಿನಿಂದ ಮೆತ್ತಗಾದ ತುದಿಗಳು ಸವೆದುಹೋಗುತ್ತವೆ.

ಸಾಕೆಟ್ಟನ್ನು ಪೂರ್ತಿ ಒಳಗೆ ಕೂರಿಸಿ, ಬಾರು ನಿಮ್ಮ ಎಡಕ್ಕೆ ಅಡ್ಡವಾಗಿ ಬರುವಂತೆ ಇಡಿ. ಅಂಗೈ ಬಿಚ್ಚಿ, ಬೆರಳು ಮಡಚದೆ, ಮೈಭಾರವನ್ನು ಮೆಲ್ಲಗೆ ಕೆಳಕ್ಕೆ ಬಿಡಿ. ಜಗ್ಗಾಡುವುದು ಬೇಡ. ಬಾರದಿದ್ದರೆ ಒಂದಿಷ್ಟೇ ಬಿಗಿಯುವ ದಿಕ್ಕಿಗೆ ಒತ್ತಿ, ಆಮೇಲೆ ಮತ್ತೆ ಬಿಚ್ಚುವ ದಿಕ್ಕಿಗೆ. ತುಕ್ಕಿನ ಹಿಡಿತ ಎರಡೂ ಕಡೆಯ ಅಲುಗಾಟಕ್ಕೆ ಒಡೆಯುತ್ತದೆ. ಒಡೆದಾಗ ಕಟಕ್ಕೆಂದು ಒಂದೇ ಸಪ್ಪಳ ಬರುತ್ತದೆ. ಆ ಸಪ್ಪಳದ ನಂತರವೂ ಒಮ್ಮೆಗೇ ತಿರುಗಿಸಿಕೊಂಡು ಹೋಗಬೇಡಿ. ಅರ್ಧ ಸುತ್ತು ಹೊರಗೆ, ಕಾಲು ಸುತ್ತು ಒಳಗೆ, ನಡುವೆ ಇನ್ನೊಂದು ಹನಿ ಎಣ್ಣೆ. ಹೀಗೆ ಬಂದ ನಟ್ಟು ತನ್ನ ತುಕ್ಕನ್ನು ತಾನೇ ಕೆರೆದುಕೊಂಡು ಬರುತ್ತದೆ, ಸ್ಟಡ್ಡು ಉಳಿಯುತ್ತದೆ. ಬೆಂಕಿ ತೋರಿಸುವ ಉಪಾಯ ಕೆಲವರು ಹೇಳುತ್ತಾರೆ. ಟಯರು ಇರುವ ಚಕ್ರಕ್ಕೆ ಅದು ಖಂಡಿತ ಬೇಡ, ಬಿಸಿಗೆ ಟಯರು ಸಿಡಿದು ಜೀವ ತೆಗೆಯಬಲ್ಲದು.

ಕೆಲವು ಕಾರುಗಳ ನಟ್ಟಿಗೆ ಮೇಲೆ ಹೊಳೆಯುವ ತೆಳುತಗಡಿನ ಟೋಪಿ ಇರುತ್ತದೆ. ಒಳಗೆ ಸಾದಾ ಉಕ್ಕು, ಹೊರಗೆ ಅಂದದ ತಗಡು. ಟೋಪಿಯ ಅಂಚಿನಿಂದ ನೀರು ಒಳಹೊಕ್ಕು ತುಕ್ಕು ಉಬ್ಬಿದರೆ ತಗಡೂ ಉಬ್ಬುತ್ತದೆ. ನೋಟಕ್ಕೆ ಹೊಸದರ ಹಾಗೇ ಇರುತ್ತದೆ, 19ರ ಸಾಕೆಟ್ಟು ಮಾತ್ರ ಕೂರುವುದಿಲ್ಲ. ಇವು ತುಕ್ಕಿದ ನಟ್ಟುಗಳಲ್ಲೇ ಕೆಟ್ಟವು, ಏಕೆಂದರೆ ಹೊರಗೆ ಕೆಂಪೇ ಕಾಣುವುದಿಲ್ಲ. ಸುತ್ತಿಗೆಯಿಂದ ಸಾಕೆಟ್ಟನ್ನು ಬಡಿದು ಕೂರಿಸಿ ಒಮ್ಮೆ ತೆಗೆಯಬಹುದು. ತೆಗೆದದ್ದನ್ನು ಮತ್ತೆ ಹಾಕಬೇಡಿ, ಇಡಿಯಾಗಿ ಉಕ್ಕಿನವನ್ನೇ ತಂದು ಹಾಕಿ. ಮೂಲೆ ಸವೆದ ನಟ್ಟಿಗೆ ಒಳಗೆ ಉಲ್ಟಾ ಹಲ್ಲಿರುವ ಎಕ್ಸ್‌ಟ್ರ್ಯಾಕ್ಟರ್ ಸಾಕೆಟ್ಟು ಸಿಗುತ್ತದೆ, ತಿರುಗಿಸಿದಷ್ಟೂ ಅದು ಕಚ್ಚಿಕೊಳ್ಳುತ್ತದೆ. ಹೊಸ ನಟ್ಟು ಕೊಳ್ಳುವಾಗ ಹಳೆಯದೊಂದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ. 12 ಮಿಲಿಮೀಟರ್ ಸ್ಟಡ್ಡಿನಲ್ಲೇ ಸುತ್ತಿನಿಂದ ಸುತ್ತಿಗೆ 1.25 ಮಿಲಿಮೀಟರ್ ಅಂತರದ ಥ್ರೆಡ್ಡೂ ಇದೆ, 1.5ರದ್ದೂ ಇದೆ. ಒಂದರ ನಟ್ಟು ಇನ್ನೊಂದಕ್ಕೆ ಒಂದು ಸುತ್ತು ಹತ್ತಿದಂತೆ ಮಾಡಿ ಥ್ರೆಡ್ಡನ್ನೇ ಹಾಳುಮಾಡುತ್ತದೆ. ನಟ್ಟಿನ ಬುಡದ ಆಕಾರವೂ ಹೊಂದಬೇಕು, ಕೆಲವು ಶಂಕುವಿನಂತೆ ಇಳಿಜಾರು, ಕೆಲವು ಗುಂಡಗೆ, ಕೆಲವು ಚಪ್ಪಟೆ.

ನಟ್ಟು ಬಂದರೂ ಚಕ್ರ ಬಾರದೇ ಇರಬಹುದು. ಅಲಾಯ್ ಚಕ್ರದ ಅಲ್ಯೂಮಿನಿಯಂ, ಚಕ್ರ ಕೂರುವ ಹಬ್ಬಿನ ಕಬ್ಬಿಣ, ನಡುವೆ ಉಪ್ಪುನೀರು ಸೇರಿದರೆ ಎರಡೂ ಅಂಟಿಕೊಳ್ಳುತ್ತವೆ. ನಟ್ಟುಗಳನ್ನು ಎರಡು ಸುತ್ತು ಮಾತ್ರ ಸಡಿಲವಿಟ್ಟು ಕಾರನ್ನು ಸೊಸೈಟಿಯೊಳಗೇ ಒಂದು ಮಾರು ಮುಂದೆ, ಒಂದು ಮಾರು ಹಿಂದೆ ಮೆಲ್ಲಗೆ ಸರಿಸಿದರೆ ಬಿಡುತ್ತದೆ. ಬಿಟ್ಟ ಮೇಲೆ ಹಬ್ಬಿನ ಮುಖವನ್ನು ಬ್ರಷ್ಷಿನಿಂದ ಉಜ್ಜಿ ಸಮ ಮಾಡಿ. ಅಲ್ಲಿ ಉಳಿದ ತುಕ್ಕಿನ ಚಕ್ಕೆ ಮುಂದೆ ಪುಡಿಯಾಗಿ ಉದುರಿದರೆ ನಟ್ಟಿನ ಬಿಗಿ ತಾನಾಗಿ ಇಳಿಯುತ್ತದೆ.

ಮತ್ತೆ ಕೂರಿಸುವಾಗ ಗ್ರೀಸು ಹಚ್ಚಬೇಕೇ? ನಮ್ಮ ಎಷ್ಟೋ ಮಿಸ್ತ್ರಿಗಳು ಹಚ್ಚುತ್ತಾರೆ, ಒಳ್ಳೆಯದಕ್ಕೇ ಹಚ್ಚುತ್ತಾರೆ. ಕೈಪಿಡಿ ಹಚ್ಚಿ ಎನ್ನದ ಹೊರತು ಹಚ್ಚಬೇಡಿ ಎನ್ನುತ್ತೇನೆ. ನಟ್ಟು ತಿರುಗಿಸಲು ನಾವು ಹಾಕುವ ಬಲದಲ್ಲಿ ಸುಮಾರು ಶೇಕಡಾ 90 ಭಾಗ ಉಜ್ಜಾಟಕ್ಕೇ ಹೋಗುತ್ತದೆ, ಸ್ಟಡ್ಡನ್ನು ಎಳೆದು ಚಕ್ರವನ್ನು ಅಪ್ಪಿ ಹಿಡಿಯಲು ಉಳಿಯುವುದು ಹತ್ತೇ ಭಾಗ. ಕೈಪಿಡಿಯ ಲೆಕ್ಕ ಒಣ ಥ್ರೆಡ್ಡಿನದು. ಜಿಡ್ಡು ಸೇರಿ ಉಜ್ಜಾಟ ಕಡಿಮೆಯಾದರೆ ಅದೇ ಬಿಗಿಗೆ ಸ್ಟಡ್ಡಿನ ಮೇಲೆ ಎಷ್ಟೋ ಹೆಚ್ಚು ಎಳೆತ ಬೀಳುತ್ತದೆ, ಅದು ಹಿಗ್ಗಿ ಸೋಲುತ್ತದೆ. ಬಿಚ್ಚಲು ಹಾಕಿದ ಎಣ್ಣೆಯನ್ನೂ ಚೆನ್ನಾಗಿ ಒರಸಿ ತೆಗೆಯಿರಿ. ಬಣ್ಣ ಬಳಿಯುವ ಆಸೆಯಿದ್ದರೆ ಹೊರಮೈಗಷ್ಟೇ ಬಳಿಯಿರಿ, ಚಕ್ರಕ್ಕೆ ತಾಗುವ ಬುಡಕ್ಕೆ ಬೇಡ. ಮೊದಲು ಕೈಬೆರಳಿನಲ್ಲೇ ತಿರುಗಿಸಿ ಕೂರಿಸಿ, ಬೆರಳಿಗೆ ಸಲೀಸಾಗಿ ತಿರುಗದ ನಟ್ಟು ಇನ್ನೂ ಸ್ವಚ್ಛವಾಗಿಲ್ಲ ಎಂದೇ ತಿಳಿಯಿರಿ. ಆಮೇಲೆ ಎದುರು ಬದುರಾಗಿ ಬಿಗಿಯುತ್ತ ಹೋಗಿ, ಕೊನೆಯ ಬಿಗಿ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ.

ಇನ್ನೊಂದು ಗುರುತು ನೆನಪಿಡಿ. ನಟ್ಟಿನ ಬುಡದಿಂದ ಚಕ್ರದ ಮೇಲೆ ಗೆರೆ ಗೆರೆಯಾಗಿ ಕೆಂಪು ಸೋರಿದಂತೆ ಕಂಡರೆ ಆ ನಟ್ಟು ಜಾಮ್ ಆಗಿರುವುದಕ್ಕಿಂತ ಸಡಿಲವಾಗಿರುವ ಸಂಭವ ಹೆಚ್ಚು. ಅಲುಗಾಡುತ್ತ ಉಜ್ಜಿ ಉಜ್ಜಿ ಉದುರಿದ ಪುಡಿ ಅದು. ಕಂಡ ದಿನವೇ ಪರೀಕ್ಷಿಸಿ, ಮರುದಿನಕ್ಕೆ ಇಡಬೇಡಿ.

ವರ್ಷಕ್ಕೆ ಎರಡು ಸಲ ಈ ಕೆಲಸ ಮಾಡಿದರೆ ನಟ್ಟು ಕಚ್ಚಿಕೊಳ್ಳುವಷ್ಟು ತುಕ್ಕು ಕೂರುವುದೇ ಇಲ್ಲ. ಮೃಗಶಿರೆ ಮಳೆ ಹಿಡಿಯುವ ಮೊದಲು ಒಂದು ಸಲ. ಆಯುಧಪೂಜೆಗೆ ಹೇಗೂ ಕಾರು ತೊಳೆದು, ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೀರಿ, ಅದರ ಹಿಂದಿನ ದಿನ ಇನ್ನೊಂದು ಸಲ. ಊರಿಗೆ ಹೊರಡುವವರು ಹೊರಡುವ ದಿನ ಮಾಡದೆ ವಾರ ಮೊದಲೇ ಮುಗಿಸಿ. ಬಿಚ್ಚಿ ಹಾಕಿದ ಚಕ್ರ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡಲೇಬೇಕು. ಆ ಓಟ ಊರೊಳಗೇ ಮುಗಿದಿರಲಿ. ಆಗದೇ ಹೋದರೆ ವಡಖಳದಲ್ಲಿ ಚಹಾಕ್ಕೆ ನಿಂತಾಗ ಟಾರ್ಕ್ ರೆಂಚು ಹೊರತೆಗೆದು ನಾಲ್ಕೂ ಚಕ್ರ ನೋಡಿ, ಆಮೇಲೆ ಮುಂದೆ ಹೋಗಿ.

ನಮಸ್ಕಾರ.