ಬಾಗಿಲು ಎಷ್ಟು ಅಗಲ?

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ವೀಲ್‌ಚೇರ್ ಬಳಸುವವರೊಬ್ಬರು ಇದ್ದಾರೆ. ರಜೆಗೆ ಎಲ್ಲರೂ ಹೊರಟಿದ್ದೀರಿ. ಹೋಟೆಲ್‌ಗೆ ಫೋನ್ ಮಾಡಿ, “ವೀಲ್‌ಚೇರ್‌ಗೆ ಅನುಕೂಲ ಇದೆಯಾ?” ಎಂದು ಕೇಳುತ್ತೀರಿ. “ಇದೆ, ಬನ್ನಿ” ಎನ್ನುತ್ತಾರೆ. ಹೋಗಿ ನೋಡಿದರೆ ಬಾಗಿಲಲ್ಲೇ ಎರಡು ಮೆಟ್ಟಿಲು! ಅವರು ಬೇಕೆಂದೇ ಸುಳ್ಳು ಹೇಳಿರಲಿಕ್ಕಿಲ್ಲ. ಎರಡೇ ಮೆಟ್ಟಿಲು ಅಲ್ವಾ, ನಾಲ್ಕು ಜನ ಸೇರಿ ಎತ್ತಿದರಾಯಿತು ಅಂದುಕೊಂಡಿರುತ್ತಾರೆ. ಎಲ್ಲರ ಮುಂದೆ ಹಾಗೆ ಎತ್ತಿಸಿಕೊಳ್ಳುವವರಿಗೆ ಎಷ್ಟು ನೋವಾಗುತ್ತದೆ ಎಂಬುದು ಅವರಿಗೆ ಹೊಳೆದಿರುವುದಿಲ್ಲ.

ಅದಕ್ಕೇ, ಅನುಕೂಲ ಇದೆಯಾ ಎಂದು ಕೇಳಬೇಡಿ. ಅಳತೆ ಕೇಳಿ. ಬಾಗಿಲು ಪೂರ್ತಿ ತೆರೆದಾಗ 32 ಇಂಚಾದರೂ ಜಾಗ ಸಿಗಬೇಕು. ಕುರ್ಚಿ ನಿಂತಲ್ಲೇ ಒಂದು ಸುತ್ತು ತಿರುಗಲು ಸುಮಾರು 5 ಅಡಿ ಬೇಕು. ಮಂಚ ಕುರ್ಚಿಯಷ್ಟೇ ಎತ್ತರ ಇದ್ದರೆ ಅತ್ತಿತ್ತ ಜರುಗುವುದು ಸುಲಭ.

ಎಲ್ಲಕ್ಕಿಂತ ಜಾಸ್ತಿ ವಿಚಾರಿಸಬೇಕಾದದ್ದು ಬಚ್ಚಲುಮನೆಯನ್ನು. ಪ್ರವಾಸ ಕೆಡುವುದು ಹೆಚ್ಚಾಗಿ ಅಲ್ಲೇ. ಹೊಸಿಲು ಇದೆಯಾ? ಕಮೋಡ್ ಪಕ್ಕ ಕುರ್ಚಿ ನಿಲ್ಲುತ್ತದಾ? ಗೋಡೆಯ ಹಿಡಿಕೆ ಯಾವ ಬದಿಗಿದೆ? ಎಡಗೈಯಲ್ಲಿ ಬಲವಿಲ್ಲದವರಿಗೆ ಎಡಕ್ಕೆ ಹಿಡಿಕೆ ಇದ್ದೂ ಇಲ್ಲದಂತೆಯೇ. ಕೂತು ಸ್ನಾನ ಮಾಡಲು ಗಟ್ಟಿ ಸ್ಟೂಲ್ ಕೊಡುತ್ತಾರಾ? ಟೇಪು ಹಿಡಿದು ಫೋಟೋ ತೆಗೆದು ಕಳಿಸಿ ಎಂದು ಕೇಳಿ. ಸಂಕೋಚ ಬೇಡ. ಕಳಿಸಲು ಬೇಸರಪಟ್ಟುಕೊಳ್ಳುವ ಜಾಗ ನಿಮಗೆ ಬೇಡವೇ ಬೇಡ.

ವಿಮಾನದಲ್ಲಿ ಹೋಗುವುದಾದರೆ, ಹೊರಡುವ 48 ಗಂಟೆಗೂ ಮೊದಲೇ ವಿಮಾನ ಕಂಪನಿಗೆ ತಿಳಿಸಿಬಿಡಿ. ಬ್ಯಾಟರಿ ಕುರ್ಚಿಯಾದರೆ ಬ್ಯಾಟರಿ ಯಾವ ಬಗೆಯದು, ಅದರ ಸಾಮರ್ಥ್ಯ ಎಷ್ಟು ವ್ಯಾಟ್-ಅವರ್ ಎಂದೂ ಕೇಳುತ್ತಾರೆ. ಬರೆದಿಟ್ಟುಕೊಳ್ಳಿ. ಕುರ್ಚಿ ಒಪ್ಪಿಸುವ ಮುಂಚೆ ಫೋಟೋ ತೆಗೆಯಿರಿ. ದಿಂಬು, ಕಳಚಿ ಬರುವ ಭಾಗಗಳು ನಿಮ್ಮ ಜೊತೆಗೇ ಇರಲಿ. ಔಷಧಿಯೂ ಅಷ್ಟೆ.

ತೊಂದರೆ ಎಂದರೆ ವೀಲ್‌ಚೇರ್ ಒಂದೇ ಅಲ್ಲ. ಕಿವಿ ಕೇಳದವರಿಗೆ ಬೆಂಕಿಯ ಎಚ್ಚರಿಕೆ ಗಂಟೆಯ ಜೊತೆ ಮಿನುಗುವ ದೀಪವೂ ಇರಬೇಕು. ಗದ್ದಲ ತಡೆಯಲಾಗದ ಮಗುವಿಗೆ ಜನ ಕಡಿಮೆ ಇರುವ ಹೊತ್ತು ಬೇಕು. ಹೊರಗೆ ಕಾಣದ ತೊಂದರೆ ಇರುವವರಿಗಾಗಿ 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣ ಸೂರ್ಯಕಾಂತಿ ಚಿತ್ರದ ಕೊರಳಪಟ್ಟಿ ಶುರುಮಾಡಿತು. ಅದನ್ನು ಹಾಕಿಕೊಂಡವರಿಗೆ ಸಹಾಯ ಬೇಕಾಗಬಹುದು ಎಂದು ಸಿಬ್ಬಂದಿಗೆ ತಿಳಿಯುತ್ತದೆ. ಈಗ ಅದನ್ನು ಎಷ್ಟೋ ದೇಶಗಳ ನಿಲ್ದಾಣಗಳಲ್ಲಿ ಗುರುತಿಸುತ್ತಾರೆ.

ಇಷ್ಟೆಲ್ಲ ಮಾಡುವ ಮುಂಚೆ ಒಂದು ಮಾತಿದೆ. ಎಲ್ಲಿಗೆ ಹೋಗೋಣ ಎಂದು ತೊಂದರೆ ಇರುವವರನ್ನೇ ಕೇಳಿ. ಸಮುದ್ರ ಎಂದರೆ, ಮರಳಿನಲ್ಲಿ ಆಗಲ್ಲ ಎಂದು ಸುಮ್ನೆ ತಳ್ಳಿಹಾಕಬೇಡಿ. ಮರಳಲ್ಲಿ ಹೂತುಹೋಗದ, ಬಲೂನಿನಂಥ ದಪ್ಪ ಗಾಲಿಯ ಕುರ್ಚಿ ಕೊಡುವ ಕಡಲತೀರಗಳಿವೆ. ಅದರಲ್ಲಿ ಕೂತು ಅಲೆ ಕಾಲಿಗೆ ತಾಗುವಷ್ಟು ಹತ್ತಿರ ಹೋಗಬಹುದು.

ನಮಸ್ಕಾರ.