ಮುಖ ಅಳೆದು ಹೆಣ್ಣು-ಗಂಡು ಕೂಡಿಸೋಕಾಗುತ್ತಾ?

ನಮಸ್ಕಾರ. ಮುಖದ ಎಡ-ಬಲ ಎಷ್ಟು ಸಮ ಇದೆ ಅಂತ ನೋಡಿ ಅಂಕ ಕೊಡುವ ಆ್ಯಪ್‌ಗಳು ಈಗ ನಮ್ಮ ಶಿವಮೊಗ್ಗದ ಹುಡುಗರ ಫೋನಲ್ಲೂ ಇವೆ. ಅಂಕ ಕಡಿಮೆ ಬಂದರೆ ಪಾಪ, ತಮಗೆ ಹೆಣ್ಣೇ ಸಿಗಲ್ಲ ಅಂತ ನಂಬಿಬಿಡುತ್ತಾರೆ. ಇದು ಸೈನ್ಸ್ ಅಂತ ಯಾರೋ ರೀಲ್ಸಲ್ಲಿ ಹೇಳಿರುತ್ತಾರೆ. ನನಗೆ ಇದನ್ನು ಕಂಡರೆ ಸಿಟ್ಟು ಬರುತ್ತೆ.

ಮೂಲ ಯೋಚನೆ ಕೆಟ್ಟದ್ದಲ್ಲ. ದೇಹದ ಎರಡೂ ಬದಿ ಬೆಳೆಯೋದು ಒಂದೇ ಜೀನ್‌ಗಳಿಂದ. ಬೆಳೆಯುವಾಗ ಕಾಯಿಲೆ, ಹಸಿವು, ಹುಳುಬಾಧೆ ಬಂದರೆ ಎಡ-ಬಲದಲ್ಲಿ ಸಣ್ಣ ವ್ಯತ್ಯಾಸ ಉಳಿಯಬಹುದು. ಹಾಗಾದರೆ ಸಮವಾದ ದೇಹ ಒಳ್ಳೆಯ ಆರೋಗ್ಯದ ಗುರುತು, ಸಂಗಾತಿ ಆರಿಸುವಾಗ ಅದೇ ಕಣ್ಣಿಗೆ ಬೀಳುತ್ತೆ ಅನ್ನೋದು ವಾದ. 1990ರ ದಶಕದ ಶುರುವಿನಲ್ಲಿ ಮೊಲ್ಲರ್ ಎಂಬ ವಿಜ್ಞಾನಿ ಅಂಬರಗುಬ್ಬಿಗಳ ಬಾಲದಲ್ಲಿ ಇದನ್ನು ಕಂಡೆ ಎಂದರು. 1994ರಲ್ಲಿ ಥಾರ್ನ್‌ಹಿಲ್ ಮತ್ತು ಗ್ಯಾಂಗ್‌ಸ್ಟಡ್ ಎಂಬ ಸಂಶೋಧಕರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಕಿವಿ, ಮಣಿಕಟ್ಟು, ಪಾದ ಅಳೆದು, ದೇಹ ಸಮ ಇರುವ ಗಂಡಸರಿಗೆ ಸಂಗಾತಿಗಳು ಜಾಸ್ತಿ ಎಂದು ಬರೆದರು.

ಆದರೆ ಈ ವ್ಯತ್ಯಾಸ ಎಷ್ಟು ಗೊತ್ತಾ? ಬಹಳಷ್ಟು ಸಲ ಒಂದೆರಡು ಮಿಲಿಮೀಟರ್. ಅಳೆಯುವ ಕೈ ಸ್ವಲ್ಪ ಆಚೀಚೆ ಆದರೂ ಅಷ್ಟೇ ತಪ್ಪು ಬರುತ್ತೆ, ಅಲ್ವಾ? ಜಮೈಕಾದಲ್ಲಿ ದೇಹ ಸಮ ಇರುವವರು ಚೆನ್ನಾಗಿ ಕುಣಿಯುತ್ತಾರೆ ಎಂದು 2005ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಆಮೇಲೆ ಅದೇ ಲೇಖನದ ಸಹಲೇಖಕ ಟ್ರಿವರ್ಸ್ ಅವರೇ ಅದರ ಅಂಕಿಅಂಶ ಸುಳ್ಳು ಎಂದು ಹೋರಾಡಿದರು, 2013ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ತಮ್ಮದೇ ಕೆಲಸವನ್ನು ಹೀಗೆ ಎದುರು ಹಾಕಿಕೊಳ್ಳೋದು ಸುಲಭ ಅಲ್ಲ, ಅವರ ಮೇಲೆ ನನಗೆ ಗೌರವ ಇದೆ. 2011ರಲ್ಲಿ ಗ್ಯಾಂಗ್‌ಸ್ಟಡ್ ಅವರೂ ಸೇರಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ, ದೇಹ ಸಮ ಇರೋದಕ್ಕೂ ಆರೋಗ್ಯದಂಥ ಗುಣಗಳಿಗೂ ನಡುವೆ ಸಿಕ್ಕಿದ್ದು ತುಂಬಾ ಸಣ್ಣ ಸಂಬಂಧ. ಪರಿಣಾಮ ಕಾಣದ ಅಧ್ಯಯನಗಳು ಅಚ್ಚಾಗದೇ ಉಳಿದಿರುವ ಸೂಚನೆಯೂ ಇತ್ತು.

ಇಷ್ಟರ ಮೇಲೆ ನಮ್ಮ ಹುಡುಗರ ಮುಖಕ್ಕೆ ಅಂಕ ಹಾಕುತ್ತೀರಾ?

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಸಂಬಂಧ ಕೂಡಿ ಬರುವಾಗ ಜಾತಕ, ಗೋತ್ರ, ಅಡಿಕೆ ತೋಟ, ಮನೆತನ ಎಲ್ಲ ನೋಡುತ್ತಾರೆ, ಮನೆಯವರೆಲ್ಲ ಕೂತು ಮಾತಾಡುತ್ತಾರೆ. ಊರಲ್ಲೇ ಉಳಿದು ತೋಟ ಮಾಡುವ ಎಷ್ಟೋ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ, ಅದು ನಿಜವಾದ ನೋವು. ಅದಕ್ಕೆ ಕಾರಣ ಅವರ ಕಿವಿ, ಮೂಗು ಅಲ್ಲ. ಓದಿದ ಹುಡುಗಿ ಕೇಳೋದು ಬೇರೆ: ಮಳೆಗಾಲದಲ್ಲಿ ಬಸ್ ಬರುತ್ತಾ, ಹೆರಿಗೆಗೆ ಆಸ್ಪತ್ರೆ ಎಷ್ಟು ದೂರ, ನೆಟ್‌ವರ್ಕ್ ಸಿಗುತ್ತಾ, ಮದುವೆ ಆದಮೇಲೂ ನಾನು ಕೆಲಸಕ್ಕೆ ಹೋಗಬಹುದಾ? ಮೊದಲು ಇದಕ್ಕೆ ಉತ್ತರ ಕೊಡೋಣ.