ಒಂದೇ ವರ್ಷ ಬದುಕುವ ಮೂವತ್ತು ಮೀಟರಿನ ದಂಟು

ಕೇಳುಗರಿಗೆ ನಮಸ್ಕಾರ. ಸಿಯಾಟಲ್, ಸ್ಯಾನ್ ಫ್ರಾನ್ಸಿಸ್ಕೊ ಕಡೆ ಮಕ್ಕಳ ಮನೆಗೆ ಹೋಗಿಬಂದವರು ಅಲ್ಲಿನ ಕಡಲದಂಡೆಯಲ್ಲಿ ಹಗ್ಗದ ಸಿಂಬಿಯ ಹಾಗೆ ಬಿದ್ದಿರುವ ಕಂದು ದಂಟನ್ನು ನೋಡಿರಬಹುದು. ತುದಿಯಲ್ಲಿ ಈರುಳ್ಳಿಯಂಥ ಒಂದು ಬುರುಡೆ. ಅದೇ ಬುಲ್ ಕೆಲ್ಪ್ ಎಂಬ ಕಡಲಪಾಚಿ. ಅದನ್ನು ಕೊಯ್ಯುವ, ಉಪ್ಪಿನಕಾಯಿ ಹಾಕುವ ಮಾತು ಇಂದು. ಅಲಾಸ್ಕಾದಿಂದ ಮಧ್ಯ ಕ್ಯಾಲಿಫೋರ್ನಿಯಾದವರೆಗಿನ ಕರಾವಳಿಯೇ ಇದರ ತವರು. ತಣ್ಣನೆಯ ನೀರು ಬೇಕು. ನಮ್ಮ ಕಾರವಾರದ ಬೆಚ್ಚನೆಯ ಕಡಲಲ್ಲಿ ಬಾಳದು.

ಚಳಿಗಾಲ ಮುಗಿಯುವಾಗ ಬಂಡೆ ಕಚ್ಚಿ ಮೊಳೆಯುವ ಸಸಿ ಬೇಸಿಗೆಯೊಳಗೆ ಮೂವತ್ತು ಮೀಟರ್ ಮುಟ್ಟಬಲ್ಲದು. ಬುರುಡೆಯೊಳಗಿನ ಅನಿಲ ಅದನ್ನು ತೇಲಿಸುತ್ತದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಕೂಡ ಇದೆ ಎಂಬುದು ವಿಚಿತ್ರವಾದರೂ ನಿಜ. ಚಳಿಗಾಲದ ಅಲೆಗಳಿಗೆ ಬಹುಪಾಲು ಕಿತ್ತುಹೋಗುತ್ತವೆ. ಅಷ್ಟರೊಳಗೆ ಎಲೆಗಳು ಬೀಜಕಣ ಉದುರಿಸಿದ್ದರೆ ಮಾತ್ರ ಮುಂದಿನ ಬೆಳೆ.

ಆದ್ದರಿಂದ ಕತ್ತಿ ಎಲ್ಲಿ ಬೀಳುತ್ತದೆ ಎಂಬುದೇ ಮುಖ್ಯ. ಎಲೆ ಬೆಳೆಯುವುದು ತುದಿಯಲ್ಲಲ್ಲ, ಬುರುಡೆಗೆ ಅಂಟಿದ ಬುಡದಲ್ಲಿ. ವಾಷಿಂಗ್ಟನ್ ರಾಜ್ಯದ ನಿಯಮದಂತೆ ಬುರುಡೆಯಿಂದ 24 ಅಂಗುಲ ಬಿಟ್ಟು ಎಲೆಯನ್ನಷ್ಟೇ ಕೊಯ್ಯಬೇಕು. ಬುರುಡೆ ಕತ್ತರಿಸಿದರೆ ಗಿಡವೇ ಮುಗಿಯಿತು. 2014ರ ನಂತರ ಕಡಲು ಬಿಸಿಯಾಗಿ, ನಕ್ಷತ್ರಮೀನುಗಳು ರೋಗಕ್ಕೆ ಸತ್ತು, ಅವು ತಿನ್ನುತ್ತಿದ್ದ, ಕೆಲ್ಪನ್ನೇ ಮೇಯುವ ನೇರಳೆ ಕಡಲಮುಳ್ಳುಗಳು (ಮೈತುಂಬ ಮುಳ್ಳಿರುವ ಉಂಡೆಯಂಥ ಜೀವಿಗಳು) ಹೆಚ್ಚಿ, ಉತ್ತರ ಕ್ಯಾಲಿಫೋರ್ನಿಯಾದ ಕೆಲ್ಪ್ ಕಾಡಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಹೋಯಿತು. ಅಲ್ಲಂತೂ ಮುಟ್ಟದಿರುವುದೇ ಲೇಸು.

ಉಪ್ಪಿನಕಾಯಿಗೆ ಬೇಕಾದದ್ದು ದಂಟು. ದಡಕ್ಕೆ ಆಗಷ್ಟೇ ಬಿದ್ದದ್ದನ್ನು ಆರಿಸಿಕೊಳ್ಳಿ. ಅದಕ್ಕೂ ಪರವಾನಗಿ ಬೇಕೇ ಎಂದು ಮೊದಲು ವಿಚಾರಿಸಿ. ಮುರಿದರೆ ಸೌತೆಕಾಯಿಯ ಹಾಗೆ ಕಟಕ್ಕೆನ್ನಬೇಕು. ಮೆತ್ತಗಿದ್ದರೆ, ಲೋಳೆಯಾಗಿದ್ದರೆ, ನಾರುತ್ತಿದ್ದರೆ ಅಲ್ಲೇ ಬಿಡಿ. ತೆಳು ಸಿಪ್ಪೆ ಹೆರೆದು, ಕಾಲಂಗುಲ ದಪ್ಪದ ಬಳೆಗಳಾಗಿ ಹೆಚ್ಚಿ, ಸಿಹಿನೀರಿನಲ್ಲಿ ಒಂದೆರಡು ಗಂಟೆ ನೆನೆಸಿ. ನೆನೆಸದಿದ್ದರೆ ಉಪ್ಪೇ ಉಪ್ಪು. ನಾಲ್ಕು ಕಪ್ ಬಳೆಗೆ ಒಂದೂವರೆ ಕಪ್ ವಿನೆಗರ್, ಒಂದು ಕಪ್ ಸಕ್ಕರೆ, ಒಂದು ಚಮಚ ಸಾಸಿವೆ, ಅರ್ಧ ಚಮಚ ಅರಿಶಿನ, ನಾಲ್ಕು ಎಸಳು ಬೆಳ್ಳುಳ್ಳಿ. ಹೌದು, ಸಾಸಿವೆ, ಅರಿಶಿನ ಅಲ್ಲಿನವರೂ ಹಾಕುತ್ತಾರೆ. ವಿನೆಗರ್ ಶೇಕಡಾ 5ರ ಹುಳಿಯದ್ದೇ ಇರಲಿ, ನೀರು ಬೆರೆಸಬೇಡಿ. ಕುದಿ ಬಂದ ಮೇಲೆ ಬಳೆಗಳನ್ನು ಹಾಕಿ. ಕಂದು ಬಣ್ಣ ಕಣ್ಣೆದುರೇ ಹಸಿರಾಗುತ್ತದೆ. ಐದು ನಿಮಿಷಕ್ಕೇ ಇಳಿಸಿ, ತಡವಾದರೆ ಕಟಕುತನ ಹೋಯಿತು. ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲೇ ಇಡಿ.

ಕೆಲ್ಪಿನಲ್ಲಿ ಅಯೋಡಿನ್ ಹೆಚ್ಚು. ಥೈರಾಯ್ಡ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಬಾಟಲಿಗೆ ಕೈಹಾಕಿ.